ಬೇಲಿಯ ಬಳ್ಳಿ

ಚಂದವಾದದ್ದನ್ನು ಮೆಚ್ಚುವವನು ಅದಕ್ಕೆ ಆಧಾರವಾದ ಚಂದವಿಲ್ಲದ್ದನ್ನೂ ಉಳಿಸಲು ಬಾಧ್ಯನೋ? ಈ ಪ್ರಶ್ನೆಯು ಕಳೆದ ಬೇಸಿಗೆಯ ಕಡೆಯಲ್ಲಿ ನನಗೆ ಎದುರಾಯಿತು.

ಬೆಳಗಾವಿಯಿಂದ ಬಂದ ಕೆಲವು ಹುಡುಗರನ್ನು ಕರಕೊಂಡು ನಾನು ಖಾನಾಪುರ ತಾಲೂಕಿನ ಭೀಮಗಡದ ಕಾಡಿಗೆ ಹೋಗಿದ್ದೆನು. ಮಹದಾಯಿ ನದಿಯು ಹುಟ್ಟುವ ಈ ಸೀಮೆಯಲ್ಲಿ ಸುಮಾರು 190 ಚದರ ಕಿಲೋಮೀಟರು ಅರಣ್ಯವನ್ನು ಸರಕಾರವು 2011ರಲ್ಲಿ ವನ್ಯಜೀವಿಧಾಮವೆಂದು ಸಾರಿತು. ಮರದ ಕೊಂಬೆಗಳಿಂದ ಸೀತಾಳೆದಂಡೆಯ ಹೂಗೊಂಚಲುಗಳು ಜೋಲುತ್ತಿದ್ದವು. ಅಷ್ಟರಲ್ಲಿ ಅಂಗೈಗಿಂತ ಅಗಲವಾದ, ಕಪ್ಪು ಮತ್ತು ಹೊಂಬಣ್ಣದ ಚಿಟ್ಟೆಯೊಂದು ತಲೆಯ ಮೇಲೆ ಹಾರಿತು. ಸದರ್ನ್ ಬರ್ಡ್‌ವಿಂಗ್ ಎಂಬ ಇದೇ ಕರ್ನಾಟಕದ ರಾಜ್ಯಚಿಟ್ಟೆ. ಹುಡುಗರು ಹರ್ಷದಿಂದ ಕೂಗಿದರು.

ಇದರ ಹುಳವು ಈಶ್ವರಬಳ್ಳಿ ಮತ್ತು ಅದರ ಕುಲದ ಗಿಡಬಳ್ಳಿಗಳ ಎಲೆಯನ್ನು ತಿಂದು ಬೆಳೆಯುತ್ತದೆಂದೂ, ಆ ಎಲೆಯ ವಿಷವೇ ಮೈಸೇರಿ ಪಕ್ಷಿಗಳ ಬಾಯಿಂದ ಅದನ್ನು ಕಾಯುತ್ತದೆಂದೂ ನಾನು ಅವರಿಗೆ ವಿವರಿಸಿದೆನು. ಹೇಳುತ್ತಿರುವಾಗಲೇ ನನ್ನ ನಾಲಿಗೆ ತಡವರಿಸಿತು. ಯಾಕಂದರೆ ನನ್ನ ಹೊಲದ ಬೇಲಿಯಲ್ಲಿ ಹಬ್ಬಿದ್ದ ಈಶ್ವರಬಳ್ಳಿಯನ್ನು, ದನಗಳೂ ಮುಟ್ಟದ ಕಳೆಯೆಂದು, ಹುಳಗಳ ಸಹಿತ ಕೊಯ್ದು ಸುಟ್ಟವನು ನಾನೇ.

ಅರಿಯದೆ ಮಾಡಿದೆನೆಂಬದು ನಿಜ. ಆದರೆ ವಿಚಾರಿಸದೆ ನಿರುಪಯೋಗವೆಂದು ತೀರ್ಪುಕೊಟ್ಟದ್ದು ಅರಿಯದ ತಪ್ಪಲ್ಲ. ನನಗೆ ಬೇಡವಾದದ್ದು ಯಾರಿಗೂ ಬೇಡವೆಂಬ ಗರ್ವವೇ ಅದರ ಬೇರು. ಕಾಡಿನ ಚಿಟ್ಟೆಯನ್ನು ಕಾಯಲು ಸರಕಾರದ ಕಾವಲುಗಾರನಿದ್ದಾನೆ. ಬೇಲಿಯ ಬಳ್ಳಿಯನ್ನು ಕಾಯತಕ್ಕವನು ಬೇಲಿಯ ಒಡೆಯನೇ.

ಈ ವರುಷ ಆ ಮೂಲೆಯಲ್ಲಿ ಬಳ್ಳಿಯು ತಿರಿಗಿ ಚಿಗುರಿದೆ. ನಾನು ಕುಡುಗೋಲನ್ನು ಅತ್ತ ಒಯ್ಯಲಿಲ್ಲ.