ಸಂಗ್ರಹ ಮತ್ತು ಪರಿಗ್ರಹ

ಕಾಪಾಡುವುದು ಎಲ್ಲಿ ಮುಗಿದು ಕೂಡಿಡುವುದು ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ ಶ್ರಾವಕನಿಗೆ ಹೊನ್ನು, ಭೂಮಿಗಳ ವಿಷಯದಲ್ಲಿ ಮಾತ್ರ ಏಳುವುದಲ್ಲ. ಹಳೆಯ ಸಚಿತ್ರ ಮಾಸಪತ್ರಿಕೆಗಳಂಥ ಅಲ್ಪ ವಸ್ತುವಿನಲ್ಲಿಯೂ ಅದು ಅಡಗಿದೆ.

‘ಚಂದಮಾಮ’ವನ್ನೇ ನೋಡಬಹುದು. 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾದ ಈ ಮಕ್ಕಳ ಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂದಿತು. ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಚಿತ್ರಗಳನ್ನೂ ಶಂಕರ್ ಅವರ ಬೇತಾಳನನ್ನೂ ಕಂಡು ಎಷ್ಟೋ ಮಕ್ಕಳು ಬೆಳೆದರು. ಓದಿ ಮುಗಿದ ಸಂಚಿಕೆಗಳು ರದ್ದಿಗೆ ಹೋದವು; ಉಳಿದವುಗಳ ಕಾಗದ ಹಳದಿಗಟ್ಟಿ, ಮಡಿಸಿದರೆ ಮುರಿಯುವಂತಾಯಿತು. 2010ರ ದಶಕದಲ್ಲಿ ಪತ್ರಿಕೆಯೂ ನಿಂತುಹೋಯಿತು. ಆದುದರಿಂದ ಹಳೆಯ ಪ್ರತಿಗಳನ್ನು ಹುಡುಕಿ ಜೋಪಾನ ಮಾಡುವವನು ಉಪಕಾರಿಯೇ ಸರಿ.

ಆದರೆ ಅಂಥವನ ಬಳಿ ಒಂದು ವರ್ಷದ ಹನ್ನೊಂದು ಸಂಚಿಕೆಗಳಿವೆ ಎಂದುಕೊಳ್ಳೋಣ. ಹನ್ನೆರಡನೆಯದು ಒಂದು ಬಡ ಮನೆಯ ರದ್ದಿಯಲ್ಲಿ ಕಾಣಿಸುತ್ತದೆ. ಮನೆಯವರಿಗೆ ಅದರ ಬೆಲೆ ತಿಳಿಯದು. ಅವನಿಗೆ ಚೆನ್ನಾಗಿ ತಿಳಿದಿದೆ. ತೂಕದ ಲೆಕ್ಕದಲ್ಲಿ ಕೊಂಡು ಮೌನವಾಗಿ ಹೊರಟರೆ ಕಾನೂನು ತಡೆಯದು. ಆದರೆ ಅಚೌರ್ಯಾಣುವ್ರತವನ್ನು ಹಿಡಿದವನ ಅಂತರಂಗ ಸುಮ್ಮನಿದ್ದೀತೆ? ನಿಜವನ್ನು ತಿಳಿಸಿ, ಯೋಗ್ಯ ಬೆಲೆ ಕೊಡುವುದೇ ಧರ್ಮ. ಅಷ್ಟು ಕೊಡಲಾಗದಿದ್ದರೆ ಹನ್ನೊಂದರಲ್ಲಿಯೇ ತೃಪ್ತನಾಗಬೇಕು.

ತತ್ತ್ವಾರ್ಥಸೂತ್ರವು ಪರಿಗ್ರಹದ ಮೂಲವನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ, ಎಂದರೆ ಮಮತ್ವದಲ್ಲಿ ಗುರುತಿಸುತ್ತದೆ. ಆದಕಾರಣ ಕಪಾಟಿನಲ್ಲಿ ಎಷ್ಟು ಸಂಚಿಕೆಗಳಿವೆ ಎಂಬುದಕ್ಕಿಂತ, ಓದಲು ಕೇಳಿ ಬಂದವನಿಗೆ ಕಪಾಟು ತೆರೆಯುತ್ತದೆಯೇ ಎಂಬುದೇ ಮುಖ್ಯ.

ಮೂಡಬಿದಿರೆಯ ಇತಿಹಾಸವೂ ಇದನ್ನೇ ಬೋಧಿಸುತ್ತದೆ. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಉಳಿದುಬಂದವು. ಅವುಗಳಲ್ಲಿ ಚಿತ್ರಿತ ಓಲೆಗಳೂ ಇವೆ. ಕಾಪಾಡಿದ ಹಿರಿಯರಿಗೆ ಸಮಾಜ ಋಣಿ. ಆದರೂ ದೀರ್ಘಕಾಲ ಅವು ದರ್ಶನಕ್ಕೆ ಮಾತ್ರ ದೊರೆತವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಮೊದಲಾಗಿ, 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದಾಗ ಅವು ನಿಜವಾಗಿ ಓದುಗರ ಕೈಸೇರಿದವು. ಆಗಮಕ್ಕೂ ಮಕ್ಕಳ ಪತ್ರಿಕೆಗೂ ಹೋಲಿಕೆಯಿಲ್ಲ. ಆದರೆ ರಕ್ಷಕನ ಹೊಣೆ ಎರಡರಲ್ಲಿಯೂ ಒಂದೇ.

ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರಸಿ, ಹೊಸ ವಸ್ತ್ರದಲ್ಲಿ ಸುತ್ತುವ ಸಂಪ್ರದಾಯವಿದೆ. ಅದರಲ್ಲಿ ಅಹಿಂಸೆಯ ವಿವೇಕವೂ ಉಂಟು: ಗಾಳಿಯಾಡುವ, ತೇವವಿಲ್ಲದ ಕಡೆ ಹುಳು ಹುಟ್ಟುವುದೇ ಕಡಿಮೆ, ಹುಟ್ಟಿದ ಮೇಲೆ ವಿಷವಿಟ್ಟು ಕೊಲ್ಲುವ ಪ್ರಸಂಗ ತಪ್ಪುತ್ತದೆ. ಸಂಗ್ರಾಹಕನೂ ವರ್ಷಕ್ಕೊಮ್ಮೆ ತನ್ನ ಪೆಟ್ಟಿಗೆಯನ್ನು ಹಾಗೆಯೇ ತೆರೆಯಲಿ. ಎರಡೆರಡಿರುವ ಪ್ರತಿಗಳನ್ನು ಗ್ರಂಥಾಲಯಕ್ಕೆ ಕೊಡಲಿ. ಇಷ್ಟಕ್ಕೆ ಸಾಕೆಂಬ ಪರಿಮಾಣವನ್ನು ತಾನೇ ಗೊತ್ತುಮಾಡಿಕೊಳ್ಳಲಿ. ಮನೆಯ ಮಕ್ಕಳು ಕೈತೊಳೆದು ಬಂದು ಪುಟ ತಿರುವಲಿ. ಪುಟವೊಂದು ಹರಿದೀತು. ಆ ಕ್ಷಣದಲ್ಲಿ ಅವನ ಕಣ್ಣು ಹರಿದ ಕಾಗದದ ಮೇಲೆ ನಿಲ್ಲುತ್ತದೆಯೋ ಅಂಜಿದ ಮಗುವಿನ ಮುಖದ ಮೇಲೆ ನಿಲ್ಲುತ್ತದೆಯೋ, ಅದರಿಂದಲೇ ಅವನ ವ್ರತದ ಪರೀಕ್ಷೆ.