ವಸಂತ ಋತುವೂ ಅಂತರಂಗದ ಜೀರ್ಣೋದ್ಧಾರವೂ



ಶ್ರೀ ಚೌಡೇಶ್ವರಿ ಅಮ್ಮನವರ ಅನುಗ್ರಹದಿಂದಲೂ, ಊರ ಹಿರಿಯರ ಸಂಕಲ್ಪದಿಂದಲೂ, ಕೂಲಿಯಲ್ಲಿ ಒಂದು ಪಾಲನ್ನು ತೆಗೆದಿಟ್ಟು ಕಾಣಿಕೆ ನೀಡಿದ ಮಗ್ಗದ ಮನೆಯವರ ಶ್ರದ್ಧೆಯಿಂದಲೂ ನಮ್ಮ ದೇವಸ್ಥಾನದ ಜೀರ್ಣೋದ್ಧಾರವು ನೆರವೇರಿ, ಕುಂಭಾಭಿಷೇಕದ ಶುಭದಿನವು ವಸಂತ ಋತುವಿನಲ್ಲಿಯೇ ಒದಗಿಬಂದಿರುವುದು ನಮ್ಮೆಲ್ಲರ ಭಾಗ್ಯವೇ ಸರಿ. ಬಿರುಕು ಬಿಟ್ಟಿದ್ದ ಗೋಪುರವು ಹೊಸ ಗಾರೆಯನ್ನು ಕಂಡಿದೆ. ಮಾಸಿದ್ದ ಸುಧೆಯ ಬೊಂಬೆಗಳಿಗೆ ಬಣ್ಣ ಬಂದಿದೆ. ಸೋರುತ್ತಿದ್ದ ಮಂಟಪದ ಮಾಳಿಗೆಯು ಭದ್ರವಾಗಿದೆ. ಈ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದಾಗ ಒಂದು ಪ್ರಶ್ನೆಯು ನನ್ನ ಮನಸ್ಸನ್ನು ಬಿಡದೆ ಹಿಡಿಯಿತು. ದೇವಿಯ ಮನೆಯನ್ನು ನಾವು ಹೊಸದು ಮಾಡಿದೆವು. ದೇವಿಯು ನಮ್ಮೊಳಗೆ ಇಟ್ಟಿರುವ ಸೃಷ್ಟಿಶಕ್ತಿಯನ್ನು, ಎಂದರೆ ನೇಯುವ, ಹಾಡುವ, ಬರೆಯುವ, ಕಟ್ಟುವ, ರೂಪಿಸುವ ಶಕ್ತಿಯನ್ನು, ಎಂದು ಹೊಸದು ಮಾಡುವೆವು?

ಭಗವಂತನು ಗೀತೆಯ ಹತ್ತನೆಯ ಅಧ್ಯಾಯದಲ್ಲಿ ತನ್ನ ವಿಭೂತಿಗಳನ್ನು ಹೇಳಿಕೊಳ್ಳುವಾಗ ಋತುಗಳಲ್ಲಿ ತಾನು ವಸಂತನೆಂದು ಅರ್ಜುನನಿಗೆ ತಿಳಿಸುವನು. ಇದನ್ನು ಕೇಳಿದೊಡನೆ ತಂಪು, ನೀರು, ಸಮೃದ್ಧಿಗಳೇ ವಸಂತವೆಂದು ನಾವು ಭಾವಿಸುವೆವು. ಆದರೆ ನಮ್ಮ ಸೇಲಂ, ಧರ್ಮಪುರಿ ಸೀಮೆಗಳ ವಸಂತವನ್ನು ಕಣ್ಣಿಟ್ಟು ನೋಡಿರಿ. ಪಂಗುನಿ, ಚಿತ್ತಿರೈ ತಿಂಗಳುಗಳಲ್ಲಿ ಕೆರೆಯ ತಳವು ಬಿರಿದಿರುವುದು. ಹೊಗೆನಕಲ್ಲಿನಲ್ಲಿ ಕಾವೇರಿಯು ಬಡವಾಗಿ ಬಂಡೆಗಳು ಮೈದೋರುವುವು. ಅಂತಹ ಉರಿಬಿಸಿಲಿನಲ್ಲಿಯೇ, ಮಳೆಯ ಸುಳಿವೂ ಇಲ್ಲದಿರುವಾಗ, ರಸ್ತೆಯ ಹೊಂಗೆಯ ಮರವು ಹಳೆಯ ಎಲೆಗಳನ್ನೆಲ್ಲ ಉದುರಿಸಿ ಮಿರುಗುವ ತಳಿರನ್ನು ಹೊದೆಯುವುದು. ಅರಳಿಯು ತಾಮ್ರವರ್ಣದ ಚಿಗುರನ್ನು ತಳೆಯುವುದು, ಬೇವು ಹೂವಿಡುವುದು. ಈ ಚಿಗುರಿಗೆ ನೀರೆರೆದವರು ಯಾರು? ಹೋದ ಮಳೆಗಾಲದಲ್ಲಿ ಬೇರು ಕುಡಿದು ಕೂಡಿಟ್ಟುದೇ ಇಂದು ಕೊಂಬೆಯಲ್ಲಿ ಎಲೆಯಾಗಿ ಹೊರಬಂದಿದೆ. ನಮ್ಮ ಏರ್ಕಾಡಿನ ಬೆಟ್ಟದ ಮೇಲಿನ ಕಾಫಿಗಿಡವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೋಧಿಸುವುದು. ಅದರ ಮೊಗ್ಗು ಒಣಹವೆಯಲ್ಲಿ ವಾರಗಟ್ಟಲೆ ಮೌನವಾಗಿ ನಿದ್ರಿಸುವುದು. ಒಂದು ಹದವಾದ ಹೂಮಳೆ ಬಿದ್ದರೆ, ಎಂಟು ಹತ್ತು ದಿನಗಳೊಳಗಾಗಿ ಇಡೀ ತೋಟವೇ ಮಲ್ಲಿಗೆಯಂತೆ ಬೆಳ್ಳಗಾಗುವುದು. ಆ ಒಣಗಿನ ತಪಸ್ಸು ಇಲ್ಲದಿದ್ದರೆ ಹೂವುಗಳು ಹೀಗೆ ಒಟ್ಟಿಗೆ ಅರಳಲಾರವು.

ಆದುದರಿಂದ ವಸಂತವೆಂದರೆ ಹೊರಗಿನ ಸಮೃದ್ಧಿಯಲ್ಲ; ಒಳಗಿನ ಸಂಗ್ರಹವು ಹೊರಗೆ ಬರುವ ಕಾಲ. "ಕೈಯಲ್ಲಿ ನಾಲ್ಕು ಕಾಸು ಕೂಡಲಿ, ಮಕ್ಕಳ ಮದುವೆ ಮುಗಿಯಲಿ, ಬಿಡುವು ದೊರೆಯಲಿ, ಆಮೇಲೆ ಹಾಡು ಕಲಿಯುವೆನು, ಚಿತ್ರ ಬರೆಯುವೆನು" ಎಂದು ಕಾಯುವವನು ಮಳೆಗಾಗಿ ಕಾದು ಚಿಗುರದೆ ನಿಂತ ಮರದಂತಾಗುವನು. ಹೊಂಗೆಯು ಕಾಯುವುದಿಲ್ಲ.

ಸೃಷ್ಟಿಯ ಕಾರ್ಯವು ಪಂಡಿತರಿಗೂ ಕವಿಗಳಿಗೂ ಮಾತ್ರ ಸೇರಿದ್ದೆಂದು ಕೆಲವರು ಎಣಿಸುವರು. ನಮ್ಮ ಕುಲದ ಪುರಾಣವು ಹಾಗೆ ಹೇಳುವುದಿಲ್ಲ. ದೇವತೆಗಳಿಗೂ ಮಾನವರಿಗೂ ಉಡಲು ವಸ್ತ್ರವಿಲ್ಲದಿದ್ದಾಗ ಪರಮೇಶ್ವರನು ದೇವಲ ಮಹರ್ಷಿಯನ್ನು ಸೃಷ್ಟಿಸಿ, ಕ್ಷೀರಸಾಗರದಲ್ಲಿ ಪವಡಿಸಿದ ಶ್ರೀಮನ್ನಾರಾಯಣನ ನಾಭಿಕಮಲದ ನಾಳದಿಂದ ನೂಲನ್ನು ತರುವಂತೆ ಕಳುಹಿಸಿದನೆಂಬ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಆತನು ನೂಲನ್ನು ಪಡೆದು ಹಿಂದಿರುಗುವಾಗ ದಾನವರು ಅಡ್ಡಗಟ್ಟಿದರು. ಮಹರ್ಷಿಯು ಮೊರೆಯಿಡಲು ಜಗನ್ಮಾತೆಯು ಚೌಡೇಶ್ವರಿಯಾಗಿ ಅವತರಿಸಿ ಅವರನ್ನು ಸಂಹರಿಸಿದಳು. ಆ ದಾನವರ ರಕ್ತವು ಬಿಳಿ, ಕಪ್ಪು, ಕೆಂಪು, ಹಸಿರು, ಹಳದಿ ಎಂಬ ಐದು ಬಣ್ಣಗಳಾಗಿ ಹರಿಯಿತೆಂದೂ, ಮಹರ್ಷಿಯು ಅದರಲ್ಲಿಯೇ ನೂಲನ್ನು ಅದ್ದಿ ಬಣ್ಣಗಟ್ಟಿದನೆಂದೂ ಪೌರಾಣಿಕರು ಹೇಳುವರು.

ಈ ಕಥೆಯಲ್ಲಿ ಎರಡು ತತ್ತ್ವಗಳು ಅಡಗಿವೆ. ಮೊದಲನೆಯದು: ನೂಲು ದೇವರದು, ನೇಯ್ಗೆ ನಮ್ಮದು. ಪ್ರತಿಭೆಯೆಂಬ ಎಳೆಯು ಭಗವಂತನ ನಾಭಿಯಿಂದಲೇ ಬಂದುದರಿಂದ ಅದರಲ್ಲಿ ಅಹಂಕಾರಪಡಲು ಅವಕಾಶವಿಲ್ಲ. ಅಂತೆಯೇ ಅದನ್ನು ಸುತ್ತಿ ಮೂಲೆಯಲ್ಲಿಡಲೂ ನಮಗೆ ಅಧಿಕಾರವಿಲ್ಲ. ಎರಡನೆಯದು: ಯಾವ ವಿಘ್ನಗಳು ಕೆಲಸಕ್ಕೆ ಅಡ್ಡ ಬಂದುವೋ ಅವೇ ವಸ್ತ್ರದ ಬಣ್ಣಗಳಾದುವು. ಬಡತನ, ದುಃಖ, ಒಂಟಿತನ, ಅಪಮಾನ ಇವುಗಳನ್ನು ಕಂಡು ಓಡಿಹೋಗುವವನ ಬಟ್ಟೆಯು ಬಣ್ಣವಿಲ್ಲದೆ ಉಳಿಯುವುದು. ತಾಯಿಯನ್ನು ನೆನೆದು ನಿಲ್ಲುವವನಿಗೆ ಅವೇ ಬಣ್ಣಗಳಾಗುವುವು.

ಇನ್ನು ನೇಕಾರರಲ್ಲಿ ಶಿವಶರಣನೆನಿಸಿದ ದೇವರ ದಾಸಿಮಯ್ಯನವರನ್ನು ನೆನೆಯೋಣ. ಮುದನೂರಿನಲ್ಲಿ ಹುಟ್ಟಿ, ಮಡದಿ ದುಗ್ಗಳೆಯೊಡನೆ ಮಗ್ಗದ ಕಾಯಕವನ್ನು ನಡೆಸುತ್ತ, ರಾಮನಾಥನ ಅಂಕಿತದಲ್ಲಿ ವಚನಗಳನ್ನು ನುಡಿದ ಆ ಮಹಾನುಭಾವರು ಬಸವಣ್ಣನವರಿಗಿಂತಲೂ ಹಿಂದಿನವರು. ಅವರು ಬಹುಕಾಲ ಶ್ರಮಿಸಿ ನೇಯ್ದ ವಸ್ತ್ರವನ್ನು ಮುದಿಜಂಗಮನ ವೇಷದಲ್ಲಿ ಬಂದ ಶಿವನು ಬೇಡಿ ಪಡೆದು, ಕಣ್ಣೆದುರಿನಲ್ಲಿಯೇ ಹರಿದು ಚೂರು ಮಾಡಿದನಂತೆ. ದಾಸಿಮಯ್ಯನವರು ಮುಖವನ್ನು ಸಿಂಡರಿಸಲಿಲ್ಲ. ಕೊಟ್ಟ ಮೇಲೆ ಅದು ಶಿವನದು. ಆ ನಿರ್ಲಿಪ್ತಿಗೆ ಮೆಚ್ಚಿ ಶಿವನು ಅವರಿಗೆ ಬರಿದಾಗದ ತವನಿಧಿಯನ್ನು ಕರುಣಿಸಿದನು. ತಾನು ಬರೆದ ಪದ್ಯವನ್ನು ಯಾರೂ ಹೊಗಳಲಿಲ್ಲವೆಂದು ಲೇಖನಿಯನ್ನು ಕೆಳಗಿಡುವ ಯುವಕನೂ, ತನ್ನ ರಂಗೋಲಿಯನ್ನು ಜನ ತುಳಿದುಹೋದರೆಂದು ಮುನಿಯುವ ಬಾಲಿಕೆಯೂ ಈ ಕಥೆಯನ್ನು ಮನನ ಮಾಡತಕ್ಕದ್ದು. ಬೆಳಗಿನ ಕೋಲವು ಸಂಜೆಯೊಳಗೆ ಅಳಿಯುವುದೆಂದು ಯಾವ ತಾಯಿಯಾದರೂ ಹಿಟ್ಟಿನ ಬಟ್ಟಲನ್ನು ಕೆಳಗಿಟ್ಟಿರುವಳೇ? ಅಳಿದುದು ರಂಗೋಲಿ, ಉಳಿದುದು ಕೈಯ ಹದ. ಅದೇ ತವನಿಧಿ.

ನಮ್ಮ ನೆಲವು ಇಂತಹ ಶಕ್ತಿಯನ್ನು ಪೋಷಿಸಿದ ನೆಲ. ಧರ್ಮಪುರಿಯು ಹಿಂದೆ ತಗಡೂರೆಂದು ಹೆಸರಾಗಿದ್ದಾಗ ಅಲ್ಲಿ ಆಳಿದ ಅದಿಯಮಾನ್ ನೆಡುಮಾನ್ ಅಂಜಿಯು, ದೀರ್ಘಾಯುಷ್ಯವನ್ನು ಕೊಡುವ ಅಪರೂಪದ ನೆಲ್ಲಿಕಾಯಿಯೊಂದು ತನಗೆ ದೊರೆತಾಗ ಅದನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರಿಗೆ ಕೊಟ್ಟನೆಂಬುದನ್ನು ತಮಿಳು ಪಾಠದಲ್ಲಿ ನಮ್ಮ ಮಕ್ಕಳೆಲ್ಲರೂ ಓದಿರುವರು. ಅರಸನ ಆಯುಸ್ಸಿಗಿಂತ ಹಾಡುವವಳ ಆಯುಸ್ಸು ಲೋಕಕ್ಕೆ ಹೆಚ್ಚಿನದೆಂದು ಬಗೆದ ದೊರೆಯವನು. ಅದೇ ಧರ್ಮಪುರಿಯಲ್ಲಿ ನೊಳಂಬರ ಕಾಲದ, 9ನೇ ಶತಮಾನದ ಕನ್ನಡ ಶಾಸನಗಳೂ ದೊರೆತಿವೆ. ಆ ಶತಮಾನದಲ್ಲಿಯೇ ರಚಿತವಾದ ಕವಿರಾಜಮಾರ್ಗವು, ಕನ್ನಡ ನಾಡಿನವರು ಓದು ಕಲಿಯದಿದ್ದರೂ ಕಾವ್ಯವನ್ನು ಬಳಸುವುದರಲ್ಲಿ ನಿಪುಣರೆಂದು ಕೊಂಡಾಡಿರುವುದು. ತಮಿಳಿನ ನೆಲ್ಲಿಕಾಯಿಯೂ ಕನ್ನಡದ ಕಲ್ಲಕ್ಷರವೂ ಒಂದೇ ಮಣ್ಣಿನಲ್ಲಿ ದೊರೆತಿರುವಾಗ, ಎರಡು ನುಡಿಗಳನ್ನಾಡುವ ನಾವು ಯಾವುದರಲ್ಲಿಯೂ ಪೂರ್ಣರಲ್ಲವೆಂದು ಕುಗ್ಗುವುದೇಕೆ?

ಹಾಗೆ ಕುಗ್ಗಿ ನಾನು ಮಾಡಿದ ತಪ್ಪೊಂದನ್ನು ಈ ಸನ್ನಿಧಿಯಲ್ಲಿ ನಿವೇದಿಸಿಕೊಳ್ಳುವೆನು. ನನ್ನ ತಾಯಿಯವರು ಅಕ್ಷರ ಕಲಿತವರಲ್ಲ. ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುವಾಗ ಅಮ್ಮನವರ ಮೇಲೆ ತಾವೇ ಪದ ಕಟ್ಟಿ ಹಾಡುತ್ತಿದ್ದರು. ಮನೆಯ ಕನ್ನಡ, ನಡುನಡುವೆ ಬೀದಿಯ ತಮಿಳು, ರಾಟೆಯ ಸದ್ದೇ ತಾಳ. "ಇದನ್ನು ಬರೆದಿಡು ಮಗನೇ" ಎಂದು ಎರಡು ಬಾರಿ ಕೇಳಿದರು. ನಾನು ಕನ್ನಡ ಲಿಪಿಯನ್ನು ಬಲ್ಲವನಾಗಿದ್ದೂ, ಇದು ಗ್ರಂಥದ ಕನ್ನಡವಲ್ಲವಲ್ಲಾ, ಓದುವವರು ನಗುವರಲ್ಲಾ ಎಂದು ಸಂಕೋಚಪಟ್ಟು, "ಬರುವ ಯುಗಾದಿಗೆ ಬರೆದರಾಯಿತು" ಎಂದೆನು. ಯುಗಾದಿಗಳು ಅನೇಕ ಬಂದುವು. ಅವರು ದೇವಿಯ ಪಾದವನ್ನು ಸೇರಿದ ಮೇಲೆ ಒಂದು ದಿನ ಪುಸ್ತಕವನ್ನು ತೆರೆದು ಕುಳಿತೆನು. ಒಂದು ಪದದ ಪಲ್ಲವಿಯೂ ಮತ್ತೊಂದರ ರಾಗವೂ ಮಾತ್ರ ನೆನಪಿಗೆ ಬಂದುವು. ಉಳಿದುವೆಲ್ಲ ಅವರೊಡನೆಯೇ ಹೋದುವು. ಗೋಪುರವು ಬಿದ್ದರೆ ಚಂದಾ ಎತ್ತಿ ಕಟ್ಟಬಹುದು. ಆ ಪದಗಳನ್ನು ಯಾವ ಸ್ಥಪತಿಯಿಂದ ಕಟ್ಟಿಸಲಿ?

ನಿಮ್ಮ ಮನೆಗಳಲ್ಲಿ ಇಂತಹ ತಾಯಂದಿರು ಇನ್ನೂ ಇರುವರು. ಸೀರೆಯ ಅಂಚಿಗೆ ಹೊಸ ಬಳ್ಳಿಯನ್ನು ಮನಸ್ಸಿನಲ್ಲಿಯೇ ರೂಪಿಸಬಲ್ಲ ಹಿರಿಯರೂ ಇರುವರು. ವಿದ್ಯುತ್ ಮಗ್ಗದ ಸದ್ದಿನಲ್ಲಿ ಕೈಮಗ್ಗದ ಸದ್ದು ಅಡಗಿಹೋಗಿರುವ ಬೀದಿಗಳು ನಮ್ಮಲ್ಲಿ ಹಲವು. ಮಕ್ಕಳು ಬೇರೆ ಉದ್ಯೋಗಗಳಿಗೆ ಹೋಗುವುದು ತಪ್ಪಲ್ಲ. ಹೊಟ್ಟೆಯ ಪಾಡು ದೊಡ್ಡದು. ಆದರೆ ಕೈಯ ಕುಶಲತೆಯೂ ಬಾಯ ಪದವೂ ಒಂದು ತಲೆಮಾರಿನ ಸಂಕೋಚದಿಂದಲೇ ನಿಂತುಹೋಗುವುದಾದರೆ, ಬೇರಿನಲ್ಲಿ ಕೂಡಿಟ್ಟ ನೀರನ್ನು ನಾವೇ ಬತ್ತಿಸಿದಂತಾಗುವುದು.

ಹಾಗಾದರೆ ಮಾಡತಕ್ಕುದೇನು? ನಾವು ಕಣ್ಣಾರೆ ಕಂಡ ಜೀರ್ಣೋದ್ಧಾರದ ಕ್ರಮವೇ ನಮಗೆ ದಾರಿಯನ್ನು ತೋರಿಸುವುದು. ಕೆಲಸವು ಆರಂಭವಾಗುವ ಮೊದಲು ಬಿಂಬದ ಶಕ್ತಿಯನ್ನು ಕಲಾಕರ್ಷಣದಿಂದ ಕಲಶಕ್ಕೆ ಆವಾಹಿಸಿ ಬಾಲಾಲಯದಲ್ಲಿ ಇರಿಸಿದರು. ಅಂತೆಯೇ ದಿನಕ್ಕೆ ಅರ್ಧ ಗಂಟೆಯ ಕಾಲ, ಕೈಯ ಫೋನನ್ನು ದೂರವಿಟ್ಟು, ಹರಿದುಹೋದ ಮನಸ್ಸನ್ನು ಒಂದೆಡೆಗೆ ಸೆಳೆದು ತರಬೇಕು. ಅದಕ್ಕೆ ದೊಡ್ಡ ಮಂಟಪವು ಬೇಕಿಲ್ಲ. ಮನೆಯ ಒಂದು ಮೂಲೆಯೇ ಬಾಲಾಲಯ.

ಅನಂತರ ಸಡಿಲವಾದುದನ್ನು ಕಳಚಿದರು. ತಾರಮಂಗಲದ ಕೈಲಾಸನಾಥ ದೇವಾಲಯಕ್ಕೆ ಹೋದವರು ಯಾಳಿಯ ಬಾಯೊಳಗೆ ಉರುಳುವ ಕಲ್ಲಿನ ಗುಂಡನ್ನು ಬೆರಳಿನಿಂದ ತಿರುಗಿಸಿ ನೋಡಿರುವಿರಿ. ಆ ಗುಂಡನ್ನು ಶಿಲ್ಪಿಯು ಹೊರಗಿನಿಂದ ತಂದು ಒಳಗಿಟ್ಟವನಲ್ಲ. ಒಂದೇ ಕಲ್ಲಿನಲ್ಲಿ ಬೇಡವಾದುದನ್ನು ಹಲ್ಲುಗಳ ಸಂದಿನಿಂದಲೇ ಕೊರೆದು ತೆಗೆದನು, ಗುಂಡು ಉಳಿಯಿತು. ನಮ್ಮಲ್ಲಿಯೂ ತೆಗೆಯತಕ್ಕುವು ಇವೆ: ಸಂಕೋಚ, ಹೋಲಿಕೆ, ಹೊಗಳಿಕೆಯ ಆಸೆ, ನಾಳೆ ಎಂಬ ಮಾತು.

ಕಡೆಯಲ್ಲಿ ಎಂಟು ದ್ರವ್ಯಗಳನ್ನು ಕುಟ್ಟಿ ಹದಮಾಡಿ ಅಷ್ಟಬಂಧನದಿಂದ ಬಿಂಬವನ್ನು ಪೀಠದಲ್ಲಿ ನಿಲ್ಲಿಸಿದರು. ಸಂಕಲ್ಪವೆಂಬ ಬಿಂಬವನ್ನು ಹಿಡಿದು ನಿಲ್ಲಿಸುವ ಬಂಧನವೆಂದರೆ ನಿತ್ಯದ ಅಭ್ಯಾಸ. ಉತ್ಸಾಹವು ಹೂಮಳೆಯಂತೆ ಒಂದು ದಿನ ಬಂದು ಹೋಗುವುದು, ಅಭ್ಯಾಸವೇ ಕಾಯಿಕಟ್ಟಿಸುವುದು. ಎಳೆಯು ಕಡಿದರೆ ನೇಕಾರನು ಮಗ್ಗವನ್ನು ಬಿಟ್ಟೇಳುವನೇ? ಲಾಳಿಯನ್ನು ನಿಲ್ಲಿಸಿ, ಗಂಟು ಹಾಕಿ, ಮತ್ತೆ ಮುಂದುವರಿಯುವನು. ಒಂದು ದಿನ ತಪ್ಪಿದವರೂ ಹಾಗೆಯೇ ಗಂಟು ಹಾಕಿ ಮುಂದುವರಿಯಲಿ.

ಕುಂಭಾಭಿಷೇಕದ ಮೇಲೆ 48 ದಿನಗಳ ಮಂಡಲ ಪೂಜೆಯು ನಡೆಯುವುದು. ನನ್ನ ಪ್ರಾರ್ಥನೆಯಿಷ್ಟೆ: ಆ 48 ದಿನಗಳಲ್ಲಿ ಮನೆಗೊಬ್ಬರಾದರೂ ಒಂದು ಕೆಲಸವನ್ನು ಕೈಗೊಳ್ಳಿರಿ. ಅಜ್ಜಿಯ ಪದಗಳನ್ನು ಮೊಮ್ಮಗಳು ಬರೆದುಕೊಳ್ಳಲಿ. ಕನ್ನಡ ಲಿಪಿ ಬಾರದಿದ್ದರೆ ತಮಿಳು ಲಿಪಿಯಲ್ಲಿಯೇ ಬರೆಯಲಿ, ದೇವಿಯು ಎರಡನ್ನೂ ಓದಬಲ್ಲಳು. ಹಿರಿಯರು ಒಂದು ಅಂಚಿನ ಚಿತ್ತಾರವನ್ನು ಕಾಗದದ ಮೇಲೆ ಬರೆದಿಡಲಿ. ರೈತನು ಬಿತ್ತನೆಯ ಅನುಭವವನ್ನು ಮಗನಿಗೆ ಬಾಯಾರೆ ಹೇಳಲಿ. ಬಾಲಕಿಯು ದಿನಕ್ಕೊಂದು ಹೊಸ ರಂಗೋಲಿಯನ್ನು ಬಾಗಿಲಲ್ಲಿ ಇಡಲಿ. ಮಂಡಲವು ಮುಗಿಯುವ ದಿನ ಅವೆಲ್ಲವನ್ನೂ ತಂದು ಅಮ್ಮನವರ ಮುಂದಿಡೋಣ. ಉತ್ಸವದಲ್ಲಿ ಕತ್ತಿ ಹಾಕಿಕೊಂಡು ಎದೆಯ ರಕ್ತವನ್ನೇ ಅರ್ಪಿಸುವ ಕುಲಕ್ಕೆ ಕೈಯ ಕುಶಲವನ್ನು ಅರ್ಪಿಸುವುದು ಕಷ್ಟವಾದೀತೇ?

ನಾನೂ ಆ ದಿನ ಒಂದು ಹಾಳೆಯನ್ನು ತರುವೆನು. ಅದರಲ್ಲಿ ತಾಯಿಯವರ ಪದದ ಪಲ್ಲವಿಯಿರುವುದು. ಚರಣಗಳನ್ನು ನಾನೇ ಕಟ್ಟಬೇಕಾಗಿದೆ. ಅವರಷ್ಟು ಚೆನ್ನಾಗಿ ಬಾರದೆಂದು ಬಲ್ಲೆನು. ಆದರೂ ಕಟ್ಟುವೆನು. ಯುಗಾದಿಯ ಬೇವುಬೆಲ್ಲದಲ್ಲಿ ಕಳೆದುಕೊಂಡುದರ ಕಹಿಯೂ ಉಳಿದಿರುವುದರ ಸಿಹಿಯೂ ಒಂದೇ ತುತ್ತಿನಲ್ಲಿ ಇರುವುದಲ್ಲವೇ?

ಜಗಜ್ಜನನಿಯು ನಮ್ಮೆಲ್ಲರ ಕೈಗಳಲ್ಲಿ ಚಿಗುರಾಗಿ ನಿಲ್ಲಲಿ. ಶುಭಮಸ್ತು.