ಕಸಬರಿಗೆ ಯಾರ ಕೈಗೆ?

ನಾಟಕದಲ್ಲಿ ಜಲಗಾರನ ಪಾತ್ರ ಯಾರು ಮಾಡಬೇಕು? ಇದೂ ಒಂದು ಪ್ರಶ್ನೆಯೇ ಎಂದು ಕೇಳುವವರು ಒಮ್ಮೆ ನಮ್ಮ ಪಾಪಿನಾಯಕನಹಳ್ಳಿಗೆ ಬರಬೇಕು. ಹೊಸಪೇಟೆಯಿಂದ ಬಳ್ಳಾರಿ ಕಡೆ ಹೋಗುವ ದಾರಿಯಲ್ಲಿ ಸಿಗುವ ಊರು. ಅದಿರಿನ ಸೀಮೆ. ಬೆಳಿಗ್ಗೆ ಗುಡಿಸಿದ ಅಂಗಳ ಮಧ್ಯಾಹ್ನಕ್ಕೆ ಮತ್ತೆ ಕೆಂಪಗಾಗಿರುತ್ತದೆ. ಈ ಧೂಳಿಗೆ ಜಾತಿಯಿಲ್ಲ. ಗೌಡರ ಕಟ್ಟೆ, ಗುಡಿಯ ಕಳಸ, ನಮ್ಮ ಕೇರಿಯ ಗಂಗಾಳ, ಎಲ್ಲದರ ಮೇಲೂ ಒಂದೇ ಸಮ ಕೂರುತ್ತದೆ. ಅದನ್ನು ಗುಡಿಸುವ ಕಸಬರಿಗೆಗೆ ಮಾತ್ರ ಜಾತಿಯಿದೆ.

ನಾವು ಓದುವಾಗ ಒಮ್ಮೆ ತರಗತಿಯಲ್ಲಿ ಕುವೆಂಪು ಅವರ ‘ಜಲಗಾರ’ದ ಒಂದು ದೃಶ್ಯ ಆಡಿಸುವುದೆಂದಾಯಿತು. ಶಾಲೆಯ ಹೆಸರು ಬೇಡ, ಮೇಷ್ಟ್ರ ಹೆಸರೂ ಬೇಡ, ಅವರೇನು ಕೆಟ್ಟವರಲ್ಲ. ‘ರಕ್ತರಾತ್ರಿ’ ನಾಟಕ ನೋಡಿ ನಿದ್ದೆಗೆಟ್ಟು ಬೆಳೆದ ಹುಡುಗರು ನಾವು. ಎಲ್ಲರಿಗೂ ಶಿವನಾಗುವ ಆಸೆ. ಮೇಷ್ಟ್ರು ಹಿಂದಿನ ಬೆಂಚಿನ ಕಡೆ ನೋಡಿ, ನಮ್ಮ ಕೇರಿಯ ಹುಡುಗನಿಗೆ, “ನೀ ಜಲಗಾರ ಆಗಲೇ. ನಿನಗ ಕಲಿಸೋದೇ ಬ್ಯಾಡ, ಚಲೋ ಬರ್ತದ” ಅಂದರು. ತರಗತಿ ನಕ್ಕಿತು. ನಮ್ಮವನೂ ನಕ್ಕ. ಅವನ ಅವ್ವ ದಿನಾ ಬೆಳಿಗ್ಗೆ ಬೀದಿ ಗುಡಿಸುತ್ತಿದ್ದಳು.

ಮರುದಿನ ಅವನು, “ನಾ ಅದನ್ನ ಮಾಡಂಗಿಲ್ಲ ಸಾರ್, ಶಿವನ ಪಾತ್ರ ಕೊಡ್ರಿ” ಅಂದ. “ಜಲಗಾರಂದೇ ದೊಡ್ಡ ಪಾತ್ರ ನೋಡಪಾ, ಶಿವನೇ ಅವನತ್ರ ಬರ್ತಾನ” ಅಂದರು ಮೇಷ್ಟ್ರು. ಮಾತು ಸುಳ್ಳಲ್ಲ. 1928ರಲ್ಲಿ ಬಂದ ಆ ನಾಟಕದಲ್ಲಿ ಗುಡಿಗೆ ಹೋಗದ ಜಲಗಾರನ ಬಳಿಗೆ ಶಿವನೇ ಬಂದು, ತಾನೂ ಲೋಕದ ಕಸ ಗುಡಿಸುವ ಜಲಗಾರನೇ ಎಂದು ಅಪ್ಪಿಕೊಳ್ಳುತ್ತಾನೆ. ಪುರೋಹಿತಶಾಹಿಯ ಬಾಗಿಲು ಭದ್ರವಾಗಿದ್ದ ಕಾಲದಲ್ಲಿ ದೇವರನ್ನೇ ಬೀದಿಗೆ ಕರೆತಂದದ್ದು ಸಣ್ಣ ಕೆಲಸವಲ್ಲ. 1944ರಲ್ಲಿ ‘ಶೂದ್ರ ತಪಸ್ವಿ’ ಬರೆದು ಶಂಬೂಕನ ತಲೆ ಉಳಿಸಿದವರೂ ಅವರೇ. ಕವಿಯ ಮೇಲೆ ನಮ್ಮ ತಕರಾರಿಲ್ಲ. ಪಾತ್ರ ಹಂಚುವ ಕೈಯ ಮೇಲೆ ನಮ್ಮ ತಕರಾರು.

ನಟನೆ ಎಂದರೇನು? ತಾನಲ್ಲದ್ದು ತಾನಾಗುವುದು. ಹರಿಶ್ಚಂದ್ರ ನಾಟಕದಲ್ಲಿ ರಾಜ ಸುಡುಗಾಡು ಕಾಯುತ್ತಾನೆ, ಕೊನೆಯ ಅಂಕದಲ್ಲಿ ಅವನಿಗೆ ಕಿರೀಟ ವಾಪಸು ಸಿಗುತ್ತದೆ. ನಿಜವಾಗಿ ಸುಡುಗಾಡು ಕಾಯುವವನಿಗೆ ಆ ಕೊನೆಯ ಅಂಕವೇ ಇಲ್ಲ. ಕೇರಿಯ ಹುಡುಗನಿಗೆ ‘ಕಲಿಸೋದೇ ಬ್ಯಾಡ’ ಎಂದು ಕಸಬರಿಗೆ ಕೊಟ್ಟರೆ ಅದು ಪಾತ್ರವಲ್ಲ, ಹಾಜರಿ. ಹುಟ್ಟಿನ ಹಾಜರಿ. ಅಂಬೇಡ್ಕರ್ 1945ರಲ್ಲಿ ಗಾಂಧಿಗೆ ಉತ್ತರ ಹೇಳುತ್ತಾ ತೋರಿಸಿದ್ದು ಇದನ್ನೇ: ಇಲ್ಲಿ ಮನುಷ್ಯ ಕಸ ಬಳಿಯುವುದರಿಂದ ಜಾಡಮಾಲಿ ಆಗುವುದಿಲ್ಲ, ಬಳಿಯಲಿ ಬಿಡಲಿ, ಹುಟ್ಟಿನಿಂದಲೇ ಆಗಿರುತ್ತಾನೆ.

ಹಾಗಾದರೆ ಮೇಲ್ಜಾತಿಯ ಹುಡುಗನಿಗೆ ಆ ಪಾತ್ರ ಕೊಟ್ಟರೆ ಮುಗಿಯಿತೇ? ಅಂದು ಹಾಗೆಯೇ ಆಯಿತು. ಮೇಷ್ಟ್ರು ಬೇಜಾರಿನಿಂದ ಬೇರೆಯವನನ್ನು ಆರಿಸಿದರು. ಅವನು ಚೆನ್ನಾಗಿಯೇ ಆಡಿದ, ಚಪ್ಪಾಳೆಯೂ ಬಿತ್ತು. ಗಂಟೆ ಹೊಡೆದ ಮೇಲೆ ಶಿವನಾದವನು ಜಡೆ ಕಳಚಿಟ್ಟು ಮನೆಗೆ ಹೋದ, ಜಲಗಾರನಾದವನೂ ಹೋದ. ಕಸಬರಿಗೆ ಅಲ್ಲೇ ಬಿದ್ದಿತ್ತು. ಹರಿದ ಕಾಗದ, ಚೆಲ್ಲಿದ ವಿಭೂತಿ, ಹೂವಿನ ಎಸಳು ಗುಡಿಸಿ ಹೋಗಲು ಹೇಳಿದ್ದು ಯಾರಿಗೆ ಎಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಕಸಬರಿಗೆಗೆ ಕುಂಕುಮ ಹಚ್ಚುವ ಮಾತುಗಳ ಬಗ್ಗೆ ನಮಗೆ ಭಯವಿದೆ. ಕೆಲಸ ಪವಿತ್ರವಾದರೆ ಅದನ್ನು ಕೇಳಿಕೊಂಡು ಬೇರೆ ಯಾರೂ ಯಾಕೆ ಬರುವುದಿಲ್ಲ? ಬಿ. ಬಸವಲಿಂಗಪ್ಪನವರು ಸಚಿವರಾಗಿ 1970ರ ದಶಕದಲ್ಲೇ ಈ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ದೇಶಕ್ಕೊಂದು ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. ನಡುವೆ 2010ರಲ್ಲಿ ಸವಣೂರಿನಲ್ಲಿ ನಮ್ಮವರು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡು ನ್ಯಾಯ ಕೇಳಬೇಕಾಯಿತು. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನೇ ಶೌಚಗುಂಡಿಗೆ ಇಳಿಸಿದ್ದು ಬಯಲಾಯಿತು. ಆ ಮಕ್ಕಳಿಗೆ ಅಂದು ಪಾತ್ರ ಹಂಚಿದವರು ಯಾರು? ಜಲಗಾರನನ್ನು ಅಪ್ಪಿಕೊಂಡ ಶಿವ ಆ ಗುಂಡಿಯ ಹತ್ತಿರ ಕಾಣಲಿಲ್ಲ.

ಇಂಥ ನಾಟಕವೇ ಬೇಡ ಎನ್ನುವ ಗೆಳೆಯರು ನಮ್ಮಲ್ಲಿದ್ದಾರೆ. ಅವರ ಸಿಟ್ಟು ನಮ್ಮದೂ ಹೌದು. ಆದರೆ ಆ ದಿನ ನಮ್ಮ ಹುಡುಗ ನಕ್ಕದ್ದನ್ನು ನೆನೆದಾಗ ಇನ್ನೊಂದು ಮಾತು ತೋಚುತ್ತದೆ. ಅವನು ನಕ್ಕದ್ದು ತನ್ನ ಅವ್ವನ ಮೇಲೆ. ಬೆಳಗಿನ ಜಾವ ಎದ್ದು ದುಡಿದು ಅವನಿಗೆ ಪಾಟಿ-ಪುಸ್ತಕ ಕೊಡಿಸಿದವಳನ್ನು ನೆನೆದು ಅವನು ನಾಚಿಕೊಳ್ಳುವಂತೆ ಮಾಡಿದ್ದೇ ಈ ವ್ಯವಸ್ಥೆಯ ದೊಡ್ಡ ಗೆಲುವು. ನಾಚಿಕೆಪಡಬೇಕಾದವರು ಬೇರೆ ಇದ್ದಾರೆ. ಆದ್ದರಿಂದ ನಾಟಕ ಆಡೋಣ. ನಮ್ಮ ಹುಡುಗ ತಾನಾಗಿ ಕೇಳಿದರೆ ಜಲಗಾರನೂ ಆಗಲಿ, ತನ್ನ ಅವ್ವನ ಸಿಟ್ಟನ್ನು ಆ ಪಾತ್ರದ ಬಾಯಲ್ಲಿ ಆಡಲಿ. ಬೇಡವೆಂದರೆ ಶಿವನಾಗಲಿ. ಆರಿಸುವ ಹಕ್ಕು ಅವನದು.

ಹಳ್ಳಿಯ ಮೇಷ್ಟ್ರುಗಳಲ್ಲಿ, ಟೀಚರಮ್ಮಗಳಲ್ಲಿ ನಮ್ಮದೊಂದು ಕೇಳಿಕೆ. ಪಾತ್ರ ಹಂಚುವಾಗ ಹಾಜರಿ ಪುಸ್ತಕದ ಜಾತಿ ಕಲಂ ಮರೆತುಬಿಡಿ. ಯಾವ ಪಾತ್ರ ಬೇಕೆಂದು ಮಕ್ಕಳನ್ನು ಕೇಳಿ. ಜಗಳ ಬಂದರೆ ಚೀಟಿ ಎತ್ತಿಸಿ. ಇನ್ನೊಂದು ಮಾತು. ನಾಟಕ ಮುಗಿದ ಮೇಲೆ ಅರ್ಧ ಗಂಟೆ ಕೂಡಿಸಿಕೊಂಡು, ಈ ಕೋಣೆ ದಿನಾ ಯಾರು ಗುಡಿಸ್ತಾರೆ, ಯಾಕೆ ಅವರೇ ಗುಡಿಸ್ತಾರೆ ಎಂದು ಮಾತಾಡಿಸಿ. ಆಮೇಲೆ ಶಿವನಾದವನಿಂದ ಹಿಡಿದು ತಮ್ಮವರೆಗೆ ಎಲ್ಲರೂ ಪಾಳಿಯ ಮೇಲೆ ಕಸಬರಿಗೆ ಹಿಡಿಯಿರಿ.